ತೊಂಬತ್ತೊಂದರ ಹಲ್ಲು

ಬಾಯಿ ತೆಗೆದು ಹಲ್ಲು ತೋರಿಸುವುದೆಂದರೆ ಸಖುಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಸಂತೆಯಲ್ಲಿ ಟಗರು ಕೊಳ್ಳಲು ಬಂದವನು ಅದರ ತುಟಿ ಎತ್ತಿ ಹಲ್ಲು ನೋಡುತ್ತಾನಲ್ಲ, ಥೇಟ್ ಹಾಗೆಯೇ ಅವಳ ಮೈದುನನ ಮಗ ಸತೀಶಕುಮಾರ ಪ್ರತಿ ಐತವಾರ ಬೀದರಿನ ಚಿದ್ರಿಯಲ್ಲಿ ತನ್ನ 'ಸಹಜ ಯೌವನ ಕೇಂದ್ರ'ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳನ್ನು ಕೂಡಿಸುತ್ತಿದ್ದ. "ದೊಡ್ಡವ್ವ, ಬಾಯಿ ತೆರಿ," ಎನ್ನುತ್ತಿದ್ದ. ಅವಳು ತೆರೆಯುತ್ತಿದ್ದಳು. ಮೂವತ್ತೆರಡಕ್ಕೆ ಮೂವತ್ತೆರಡು. ನೆರೆದ ಮಂದಿ ಮೊಬೈಲ್ ಹಿಡಿದು ಮುಂದೆ ಮುಂದೆ ಬರುತ್ತಿದ್ದರು.

"ತೊಂಬತ್ತೊಂದ ವರ್ಷ್ರಿ! ಇಷ್ಟ ವರ್ಷದಾಗ ಒಂದ ಗುಳಗಿ ಮುಟ್ಟಿಲ್ಲ, ಒಂದ ಸೂಜಿ ಚುಚ್ಚಿಸ್ಕೊಂಡಿಲ್ಲ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ. ಹೊತ್ತ ಮುಳುಗೂದರಾಗ ಊಟ. ಬರಿಗಾಲಿಲೆ ನಡಿಗಿ. ಇದ ಔಷಧರಿ, ಬ್ಯಾರೆ ಏನೂ ಬ್ಯಾಡ!"

ಅವಳ ಹಿಂದಿನ ಗೋಡೆಗೆ ಅವಳದೇ ಆಧಾರ್ ಕಾರ್ಡನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಅಂಟಿಸಿದ್ದ. ಹುಟ್ಟಿದ ವರ್ಷಕ್ಕೆ ಕೆಂಪು ಬಣ್ಣದಲ್ಲಿ ಸುತ್ತು ಹಾಕಿದ್ದ. ನಂಬದವರು ನೋಡಿಕೊಳ್ಳಲಿ ಎಂದು.

ನೋಡಿಕೊಳ್ಳಬೇಕಾದ್ದು ಬೇರೆಯೇ ಇತ್ತು. ಹದಿನೆಂಟು ವರ್ಷದ ಹಿಂದೆ ಔರಾದ ತಾಲ್ಲೂಕಿನ ಎಕಂಬಾ ಊರಿಗೆ ಒಬ್ಬ ಏಜೆಂಟ ಬಂದು, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಊರಿನವರಿಗೆಲ್ಲ ಮುದುಕರ ಪಗಾರದ, ಅಂದರೆ ಸರಕಾರದ ವೃದ್ಧಾಪ್ಯ ವೇತನದ, ಅರ್ಜಿ ಬರೆದುಕೊಟ್ಟಿದ್ದ. ಆಗ ಸಖುಬಾಯಿಗೆ ಐವತ್ತಮೂರು. ಅದನ್ನೇ ಬರೆದರೆ ಪಗಾರ ಸಿಗದು. ಅರವತ್ತೈದು ಎಂದು ಬರೆದರೆ ಸಾಹೇಬರಿಗೆ ಅನುಮಾನ ಬರುತ್ತದೆ, ಎಪ್ಪತ್ತಮೂರು ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ ಎಂದ ಆ ಪುಣ್ಯಾತ್ಮ. ಒಂದೇ ಮಧ್ಯಾಹ್ನ ಎಕಂಬಾದ ಅರ್ಧ ಊರು ಇಪ್ಪತ್ತು ವರ್ಷ ಮುಪ್ಪಾಯಿತು. ಮುಂದೆ ಆಧಾರ್ ಮಾಡಿಸುವಾಗ ಪಗಾರದ ಕಾಗದವನ್ನೇ ತೋರಿಸಿದರು. ಸುಳ್ಳಿಗೆ ಸರಕಾರದ ಮೊಹರು ಬಿತ್ತು.

ಅಂದರೆ ಸಖುಬಾಯಿಗೆ ಈಗ ಎಪ್ಪತ್ತೊಂದು. ದಿನಾ ಕುರಿಯ ಹಿಂದೆ ಏಳೆಂಟು ಮೈಲಿ ತಿರುಗುವ ಎಪ್ಪತ್ತೊಂದರ ಹೆಂಗಸಿಗೆ ಹಲ್ಲು ಗಟ್ಟಿ ಇದ್ದರೆ ಅದರಲ್ಲಿ ಪವಾಡವೇನು ಬಂತು? ಸತೀಶನಿಗೂ ಇದು ಗೊತ್ತಿತ್ತು. ಮೊದಲ ದಿನವೇ ಅವಳು ಹೇಳಿದ್ದಳು. "ಕಾರ್ಡ್ ಏನ್ ಅಂತದ ಅದೇ ಖರೆ, ದೊಡ್ಡವ್ವ," ಎಂದು ನಕ್ಕಿದ್ದ. ಅವಳೂ ಸುಮ್ಮನಾದಳು. ಯಾಕೆ? ಆಸೆ, ಮತ್ತೇನು. ಮನೆಯಲ್ಲಿ 'ಅತ್ತ ಸರಿ, ಇತ್ತ ಸರಿ' ಎನ್ನಿಸಿಕೊಳ್ಳುವ ಮುದುಕಿಗೆ ಅಲ್ಲಿ ಹಾರ ಹಾಕುತ್ತಿದ್ದರು, ಕಾಲು ಮುಟ್ಟುತ್ತಿದ್ದರು. ಬೈದರೂ 'ಆಯಿಯ ಆಶೀರ್ವಾದ' ಎನ್ನುತ್ತಿದ್ದರು. ಬೈಯುವುದರಲ್ಲಿ ಅವಳನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ. ಅವಳ ಬಾಯಿಗೆ ಎದುರುತ್ತರ ಕೊಟ್ಟು ಗೆದ್ದವರನ್ನು ಎಕಂಬಾ ಕಂಡಿಲ್ಲ.

ಗುಳಗಿಯದೂ ಸುಳ್ಳೇ. ಆರು ವರ್ಷದಿಂದ ಬಿ.ಪಿ. ಗುಳಗಿ ನುಂಗುತ್ತಿದ್ದಳು. ಊರಿನ ನರ್ಸು ಸಿದ್ದೇಶ್ವರಿ ತಿಂಗಳಿಗೊಮ್ಮೆ ತಂದು ಕೊಡುತ್ತಿದ್ದಳು. ಅದು ಸಖುಬಾಯಿಯ ಸೆರಗಿನ ಗಂಟಿನಲ್ಲೇ ಇರುತ್ತಿತ್ತು, ಎಲೆ ಅಡಿಕೆಯ ಜೊತೆ.

ಚಿದ್ರಿಯ ಕೇಂದ್ರದ ಮುಂದಿನ ಸಾಲಿನಲ್ಲಿ ಒಬ್ಬ ಮನುಷ್ಯ ತಪ್ಪದೆ ಬಂದು ಕೂರುತ್ತಿದ್ದ. ಪಂಢರಿ ಮಾಸ್ತರ, ಭಾಲ್ಕಿಯವನು, ಮೂವತ್ತೈದು ವರ್ಷ ಸಾಲಿಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ವಹಿ. ದೇವರು ದಿಂಡರು ಎಂದರೆ ನಂಬದ, ಕಾಗದದ ಮೇಲಿದ್ದದ್ದನ್ನು ಮಾತ್ರ ನಂಬುವ ಮನುಷ್ಯ. ಕಾಗದ ಅಲ್ಲಿ ಗೋಡೆಯ ಮೇಲೇ ಇತ್ತು. ಅವನು ಹಾರ ಹಾಕುತ್ತಿರಲಿಲ್ಲ, ಕಾಲು ಮುಟ್ಟುತ್ತಿರಲಿಲ್ಲ. ವಾರಕ್ಕೊಂದು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳುತ್ತಿದ್ದ. ಬಂದ ಮೊದಲನೇ ಐತವಾರ ಅವನು ಕೇಳಿದ್ದು ಇದು:

"ಆಯಿ, ಖರೇನ ಎಂದೂ ಗುಳಗಿ ತಗೊಂಡಿಲ್ಲೇನ್ರಿ?"

ಸಖುಬಾಯಿ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿ, "ಇಲ್ರಿ," ಎಂದಿದ್ದಳು.

ಅವನು ಅದನ್ನೂ ಬರೆದುಕೊಂಡ.

ಆರು ತಿಂಗಳಾದ ಮೇಲೆ, ಒಂದು ಐತವಾರದ ಮುಂಜಾನೆ, ಎಕಂಬಾದ ಕುರಿದೊಡ್ಡಿಯ ಮುಂದೆ ಒಂದು ಸ್ಕೂಟಿ ಬಂದು ನಿಂತಿತು. ಇಳಿದವಳು ಮೂವತ್ತರ ಹುಡುಗಿ. ಕಣ್ಣು ಕೆಂಪಾಗಿದ್ದವು, ಅತ್ತದ್ದಕ್ಕೋ ಸಿಟ್ಟಿಗೋ ಹೇಳುವುದು ಕಷ್ಟ. ಸತೀಶ ದೊಡ್ಡವ್ವನನ್ನು ಕರೆಯಲು ಬರದ ಐತವಾರ ಅದು. ಸಖುಬಾಯಿ ಮರಿಗೆ ಹಾಲು ಕುಡಿಸುತ್ತಿದ್ದಳು.

"ನೀವೇ ಏನ್ರಿ ತೊಂಬತ್ತೊಂದ ವರ್ಷದಾಕಿ? ನಾ ಮಹಾಮಾಯಾ, ಭಾಲ್ಕಿ ಪಂಢರಿ ಮಾಸ್ತರ ಮಗಳು. ನಮ್ಮ ಅಪ್ಪಾಗ ಕೊಂದೇ ತೀರ್ತೀರೇನ್ರಿ?"

"ಮುಂಜಾನಿ ಮುಂಜಾನಿ ಯಾರ ಮನಿ ಮುಂದ ನಿಂತು ಏನ್ ಮಾತಾಡ್ಲತ್ತಿ? ಕುರಿ ಬೆದರ್ತಾವ, ಹಿಂದಕ ಸರಿ."

"ಕುರಿ ಬೆದರ್ತಾವ ಅಂತ ಚಿಂತಿ ನಿಮಗ! ಆರ ತಿಂಗಳಾಯ್ತು, ಅಪ್ಪ ಸಕ್ಕರಿ ಬ್ಯಾನಿ ಗುಳಗಿ ಬಿಟ್ಟು. ಕಾಲ ಬೆರಳು ಎರಡು ಕರ್ರಗ ಆಗ್ಯಾವ. ಇವತ್ತೇ ಬೀದರ ದವಾಖಾನಿಗಿ ಒಯ್ಯಲಿಲ್ಲಂದ್ರ ಮೊಣಕಾಲ ತನಕ ತಗೀಬೇಕಾಗ್ತದ ಅಂದಾರ ಡಾಕ್ಟರು. ಅಪ್ಪ ಮಂಚ ಬಿಟ್ಟು ಏಳವಲ್ರು. 'ಆ ಆಯಿ ಗುಳಗಿಲ್ದೆ ತೊಂಬತ್ತೊಂದ ದಾಟ್ಯಾರ, ನಾ ಇನ್ನ ಇಪ್ಪತ್ತೊಂದ ದಿನ ಪಥ್ಯ ಮಾಡಿ ನೋಡ್ತೇನಿ' ಅಂತಾರ. ನೀವೇ ಬಂದು ಹೇಳ್ರಿ. ನನ್ನ ಮಾತು ಕೇಳಂಗಿಲ್ಲ, ನಿಮ್ಮ ಮಾತೇ ಕೇಳ್ತಾರ."

"ನಾ ಏನು ಅವರ ಬಾಯಾಗಿಂದು ಗುಳಗಿ ಕಸ್ಗೊಂಡೀನೇನ? ಓದಿದ ಮಂದಿಗಿ ತಿಳೀಬಾರದೇನ? ನಡಿ, ನಡಿ ಹೊರಗ!"

ಹುಡುಗಿ ಸ್ಕೂಟಿಗೆ ಕೀಲಿ ಹಚ್ಚಿದಳು. "ನಿಮಗ ನೂರ ವರ್ಷ ಆಯುಷ್ಯ ಬರ್ಲಿ," ಎಂದು ಹಲ್ಲು ಕಚ್ಚಿ ಹೇಳಿ ಹೋದಳು. ಅಂಥ ಶಾಪವನ್ನು ಸಖುಬಾಯಿ ಜನ್ಮದಲ್ಲಿ ಕೇಳಿರಲಿಲ್ಲ.

ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವಳಿಗೆ ಸಿಟ್ಟು ಬರುತ್ತಿತ್ತು. ಮಗ ಶಿವಕಾಂತನ ಫೋನ್ ಕಿತ್ತುಕೊಂಡು ಸತೀಶನಿಗೆ ಹಚ್ಚಿಸಿ, ಮಾಸ್ತರನ ಕಾಲಿನ ಸುದ್ದಿ ಹೇಳಿದಳು.

"ನಾ ಈಗ ಭಾಲ್ಕಿಗೇ ಹೊಂಟೇನಿ, ಅದಕ್ಕೇ ಇವತ್ತ ಚಿದ್ರಿ ಬಂದ್," ಎಂದ ಅವನು. "ಮಾಸ್ತರಿಗಿ ಧೈರ್ಯ ಹೇಳಿ ಬರ್ತೇನಿ. ಪಥ್ಯ ಬರೋಬರ್ ಮಾಡಿಲ್ಲ ಅಂವ."

"ಧೈರ್ಯ ಅಲ್ಲೋ, ಖರೆ ಹೇಳು! ನನ್ನ ಉಮರ ಎಷ್ಟಂತ ಹೇಳು!"

ಆ ಕಡೆಯ ದನಿ ತಣ್ಣಗಾಯಿತು. "ಹೇಳು ದೊಡ್ಡವ್ವ, ನೀನೇ ಹೇಳು. ಹದಿನೆಂಟ ವರ್ಷ ತಿಂದ ಪಗಾರಾ ತಹಸೀಲದಾರ ಕೇಳಲಕ ಬರ್ತಾನ. ನಿನ್ನ ಒಬ್ಬಾಕಿದಲ್ಲ, ಊರಂದೂ ಕೇಳ್ತಾನ. ಎಕಂಬಾದಾಗ ಆಮ್ಯಾಲ ನಿನಗ ಯಾರು ನೀರ ಕೊಡ್ತಾರ ನೋಡು."

ಶಿವಕಾಂತ ಫೋನ್ ವಾಪಸು ಇಸಿದುಕೊಂಡ. "ಬಾಯಿ ಬಿಟ್ರ ಬಣ್ಣಗೇಡು. ಸುಮ್ನ ಕೂಡಬೇ," ಎಂದ.

ಸಖುಬಾಯಿ ಕೂಡಲಿಲ್ಲ. ಔರಾದಕ್ಕೆ ಹೋಗುವ ಟಂಟಂ ಹತ್ತಿದಳು, ಅಲ್ಲಿಂದ ಭಾಲ್ಕಿ ಬಸ್ಸು. ದಾರಿಯುದ್ದಕ್ಕೂ ಎಲ್ಲರನ್ನೂ ಮನಸ್ಸಿನಲ್ಲೇ ಬೈದಳು: ಏಜೆಂಟನನ್ನು, ಸತೀಶನನ್ನು, ಮಗನನ್ನು, ಅಷ್ಟು ಓದಿಯೂ ಬುದ್ಧಿಯಿಲ್ಲದ ಮಾಸ್ತರನನ್ನು. ಭಾಲ್ಕಿ ಬರುವ ಹೊತ್ತಿಗೆ ಬೈಯಲು ಅವಳೊಬ್ಬಳೇ ಉಳಿದಿದ್ದಳು.

ಮಾಸ್ತರನ ಮನೆಯ ಹೊಸ್ತಿಲು ದಾಟುತ್ತಲೇ ಮೂಗಿಗೆ ವಾಸನೆ ಬಡಿಯಿತು. ಬೇವಿನ ಸೊಪ್ಪು, ಅರಿಶಿಣ, ಅದರಡಿಯಲ್ಲಿ ಇನ್ನೊಂದು. ಗೊರಸು ಕೊಳೆತ ಕುರಿಯ ವಾಸನೆ. ಐವತ್ತು ವರ್ಷ ಕುರಿ ಕಾಯ್ದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾಸ್ತರ ಮಂಚದ ಮೇಲಿದ್ದ. ಕಾಲಿಗೆ ಬಟ್ಟೆ ಸುತ್ತಿತ್ತು. ಮುಖ ಬೂದಿಯಾಗಿತ್ತು, ಅಂಗಿ ಮಾತ್ರ ಇಸ್ತ್ರಿಯದು. ಸುತ್ತ ಐತವಾರದ ನಾಲ್ಕೈದು ಮಂದಿ, ನಡುವೆ ಹಾಗಲಕಾಯಿ ರಸದ ಬಾಟಲಿ ಹಿಡಿದ ಸತೀಶ. ಮೂಲೆಯಲ್ಲಿ ಮಹಾಮಾಯಾ ಗೋಡೆಗೆ ಒರಗಿ ನಿಂತಿದ್ದಳು. ಹೊರಗೆ ಅವಳು ಕರೆಸಿದ ಗಾಡಿ ಮುಂಜಾನೆಯಿಂದ ನಿಂತೇ ಇತ್ತು.

"ಆಯಿ! ನೀವು ಬರಬೇಕೇನ್ರಿ ಇಷ್ಟ ದೂರ, ಈ ವಯಸ್ಸಿನಾಗ?" ಮಾಸ್ತರ ಏಳಲು ನೋಡಿದ.

"ಏಳಬ್ಯಾಡ್ರಿ. ಯಾವ ವಯಸ್ಸು? ನನಗ ಎಪ್ಪತ್ತೊಂದ ವರ್ಷ. ಕಾರ್ಡ್ ಸುಳ್ಳದ. ಪಗಾರದ ಸಲುವಾಗಿ ಬರಿಸಿದ್ದು. ಈಗಿಂದೀಗ ದವಾಖಾನಿಗಿ ನಡೀರಿ."

ಸತೀಶ ಮೊದಲು ನಕ್ಕ. "ತೊಂಬತ್ತರ ಮ್ಯಾಲ ನೆನಪು ಹಂಗೇರಿ. ಮೊನ್ನಿ ನನ್ನ ಹೆಸರೇ ಮರತಿದ್ಲು ದೊಡ್ಡವ್ವ." ಮಂದಿಯೂ ನಕ್ಕರು. ಒಬ್ಬಳು, "ಪಾಪ, ಮಗು ಆಗ್ಯಾರ," ಎಂದು ಅವಳ ಬೆನ್ನು ಸವರಿದಳು.

"ನಿನ್ನ ಹೆಸರ ಮರಿಯೂ ಪುಣ್ಯ ನನಗೆಲ್ಲದ್ಲೇ?" ಸಖುಬಾಯಿ ಆ ಕೈಯನ್ನು ಕೊಡವಿ ಹಾಕಿದಳು. ಸೆರಗಿನ ಗಂಟು ಬಿಚ್ಚಿ, ಬೆಳ್ಳಿಯಂತೆ ಹೊಳೆಯುವ ಗುಳಗಿಯ ಪಟ್ಟಿಯನ್ನು ಹೊರಗೆಳೆದಳು. ಅದರಲ್ಲಿ ಅರ್ಧಕ್ಕರ್ಧ ಖಾಲಿಯಾಗಿತ್ತು. ಮುಂಜಾನೆಯ ಗಡಿಬಿಡಿಯಲ್ಲಿ ಆ ದಿನದ್ದು ಉಳಿದೇ ಹೋಗಿತ್ತು. ಎಲ್ಲರೂ ನೋಡುತ್ತಿರುವಾಗ ಒಂದನ್ನು ಕಿತ್ತು ಬಾಯಿಗೆ ಹಾಕಿ, ಮಂಚದ ಬದಿಯ ತಂಬಿಗೆಯಿಂದ ನೀರು ಕುಡಿದು ನುಂಗಿದಳು. "ಆರ ವರ್ಷಾಯ್ತು, ದಿನಾ ಒಂದು. ರೊಟ್ಟಿ ತಿಂತೇನಿ, ಖರೆ. ನಡೀತೇನಿ, ಖರೆ. ಲಗೂ ಉಂಡು ಲಗೂ ಮಲಗ್ತೇನಿ, ಅದೂ ಖರೆ. ಅದೆಲ್ಲ ಮಾಡಿ ಮ್ಯಾಲ ಗುಳಗಿನೂ ತಗೋತೇನಿ. ಇಂವ ಅದೊಂದು ನಿಮಗ ಹೇಳಿಲ್ಲ. ನಾನೂ ಹೇಳಿಲ್ಲ."

ಈಗ ಯಾರೂ ನಗಲಿಲ್ಲ. "ಅದು ತಾಕತ್ತಿನ ಗುಳಗಿ," ಎಂದು ಸತೀಶ ತೊದಲಿದ. ಮಹಾಮಾಯಾ ಬಂದು ಪಟ್ಟಿಯನ್ನು ಕಸಿದುಕೊಂಡು ಓದಿ, ಅಪ್ಪನ ಕೈಗಿಟ್ಟಳು. "ಬಿ.ಪಿ. ಗುಳಗಿ, ಅಪ್ಪಾ."

ಮಾಸ್ತರ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮಂಚದ ಮೇಲಿನ ವಹಿಯಲ್ಲಿ ಅವಳ ಕಾರ್ಡಿನ ನಕಲು ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಅದನ್ನೂ ತೆಗೆದು ನೋಡಿದ.

"ಇದು ಸರಕಾರದ ಕಾಗದ," ಎಂದ, ತನ್ನಷ್ಟಕ್ಕೆ.

"ಕಾಗದಾನೇ ಬೇಕೇನ್ರಿ? ನನ್ನ ಅಣ್ಣ ಬಕ್ಕಪ್ಪ, ಚಿಂತಾಕಿ ಊರಂವ, ಬಸ್ ಕಂಡಕ್ಟರ್ ಇದ್ದ. ಅರವತ್ತ ತುಂಬಿ ರಿಟೈರ್ ಆಗಿ ಹದಿಮೂರ ವರ್ಷಾಯ್ತು. ಅದೂ ಸರಕಾರದ್ದೇ ಕಾಗದ. ಅಂವ ಹುಟ್ಟಿದ ಎರಡ ವರ್ಷಕ್ಕ ನಾ ಹುಟ್ಟಿದಾಕಿ. ಲೆಕ್ಕದ ಮಾಸ್ತರ ಇದ್ದೀರಿ, ನೀವೇ ಮಾಡ್ರಿ."

ಮಾಸ್ತರನ ತುಟಿ ಅಲುಗಿದವು. ಕೂಡಿಸಿದ, ಕಳೆದ. ಅಷ್ಟು ಸಣ್ಣ ಲೆಕ್ಕ. ನಾಲ್ಕನೇ ಇಯತ್ತೆಯ ಹುಡುಗರು ಬೆರಳು ಎಣಿಸಿ ಮಾಡುವಂಥದ್ದು.

"ಕಾರ್ಡ್ ಪ್ರಕಾರ ಹೋದ್ರ," ಎಂದ ಕಡೆಗೆ, "ತಂಗಿ ಅಣ್ಣಗಿಂತ ಹದಿನೆಂಟ ವರ್ಷ ದೊಡ್ಡಾಕಿ."

ಆ ಮಾತಿಗೆ ಬೇರೆ ದಿನವಾಗಿದ್ದರೆ ಮನೆಯೆಲ್ಲ ನಗುತ್ತಿತ್ತು.

"ಮೂವತ್ತೈದ ವರ್ಷ ಪೋರಗೋಳಿಗಿ ಹೊಡದೀನಿ. ಉತ್ತರ ಬರೋಬರ್ ಅದ ಅಂತ ಕುಣೀಬ್ಯಾಡ್ರಿ, ತಾಳೆ ನೋಡ್ರಿ ಅಂತ. ನಾ ತಾಳೆ ನೋಡ್ಲಿಲ್ಲ." ಅವನು ಹಾಗಲಕಾಯಿ ರಸದ ಬಾಟಲಿಯತ್ತ ಬೆರಳು ಮಾಡಿದ. "ಸತೀಶಕುಮಾರ, ಅದನ್ನ ತಗೊಂಡು ನನ್ನ ಮನಿಯಿಂದ ಹೋಗ್ರಿ. ಮಾಯಾ, ಗಾಡಿ ತಿರುಗಿಸಲಕ ಹೇಳು."

ಸತೀಶ ಅವಳ ಪಕ್ಕದಲ್ಲೇ ಹಾದುಹೋಗುತ್ತ, "ನಾಳಿ ತಹಸೀಲಿನಾಗ ಭೆಟ್ಟಿ ಆಗೋಣು," ಎಂದ. "ಬಾ, ನಿನ್ನ ಗ್ವಾಡಿ ಮ್ಯಾಲಿನ ಕಾರ್ಡೂ ಹೊತ್ಕೊಂಡ್ ಬಾ," ಎಂದಳು ಸಖುಬಾಯಿ. ಅಷ್ಟು ಮಾತ್ರ ಅವಳಿಗೆ ಹೊಳೆಯಿತು.

ನಾಲ್ವರು ಸೇರಿ ಮಾಸ್ತರನನ್ನು ಕುರ್ಚಿಯ ಸಮೇತ ಎತ್ತಿದರು. ಬಟ್ಟೆ ಸರಿದು ಕಾಲು ಕಂಡಿತು. ಮಹಾಮಾಯಾ ಹೇಳಿದ್ದು ಎರಡು ಬೆರಳು. ಕಪ್ಪು ಆಗಲೇ ಪಾದದ ನಡುವಿನವರೆಗೆ ಏರಿ ಬಂದಿತ್ತು. ಕೊಳೆತ ಗೊರಸನ್ನು ತಡಮಾಡಿ ಕೊಯ್ದರೆ ಎಷ್ಟು ಉಳಿಯುತ್ತದೆ ಎಂಬುದು ಸಖುಬಾಯಿಗೆ ಗೊತ್ತಿತ್ತು. ಅವಳು ಮುಂದೆ ಬಂದು ಕುರ್ಚಿಯ ಕಾಲಿಗೆ ಕೈ ಕೊಡಲು ಹೋದಳು. ಮಹಾಮಾಯಾ ಆ ಕೈಯನ್ನು ತಳ್ಳಿದಳು.

"ಬರಬೇಕಂತ ಬಂದೀನಿ, ಮಾಸ್ತರ," ಎಂದಳು ಸಖುಬಾಯಿ. "ಪಗಾರ ಹೋದ್ರ ಹೋಗ್ಲಿ, ಊರ ಬೈದ್ರ ಬೈಲಿ ಅಂತ ಬಂದೀನಿ. ಇಷ್ಟರ ಮಾಡೀನಲ್ರಿ."

ಹೊಸ್ತಿಲಲ್ಲಿ ಮಾಸ್ತರ ಕೈ ಎತ್ತಿ ಕುರ್ಚಿ ನಿಲ್ಲಿಸಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ಉತ್ತರ ಬರೆದವರಿಗೆ ಸರಿ ಉತ್ತರ ಹೇಳುವ ದನಿ.

"ಮೊದಲನೇ ಐತವಾರ ಕೇಳಿದ್ದೆ ನಿಮಗ. ಆಗ ಹೇಳಿದ್ರ ಇವತ್ತ ನಾನೂ ನಿಮ್ಮಂಗ ನಡಕೋತ ಹೋಗ್ತಿದ್ದೆ."

ಗಾಡಿ ಬೀದರ ರಸ್ತೆಗೆ ಹೊರಳಿತು. ಸಖುಬಾಯಿ ಬಾಗಿಲಲ್ಲೇ ನಿಂತಿದ್ದಳು. ಬಾಯಲ್ಲಿ ಮೂವತ್ತೆರಡು ಹಲ್ಲೂ ಇದ್ದವು, ಕೊಡಲು ಒಂದು ಉತ್ತರ ಮಾತ್ರ ಇರಲಿಲ್ಲ.