ನಲ್ಲಿಗೆ ಕಟ್ಟಿದ ಅರಿವೆ

ಸದಲಗಾದ ಸುಗಂಧಾ ನಾರ್ವೆ ದೇಶಕ್ಕೆ ಹೊರಟಾಗ ಊರಿನವರು ಕೊಟ್ಟ ಬುದ್ಧಿವಾದವನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದರೆ ವಿಮಾನ ಮೇಲೇಳುತ್ತಿರಲಿಲ್ಲ. ಅದು ಎಂಬತ್ತೊಂಬತ್ತನೆಯ ಇಸವಿ. ಅಲ್ಲಿಯ ಕಡಲತೀರದ ಊರೊಂದರಲ್ಲಿ, ಅಲ್ಲಿಯವರದೇ ಮನೆಯಲ್ಲಿದ್ದು ಒಂದು ವರ್ಷ ಓದಿ ಬಾ ಎಂದು ದೇಶದೇಶಗಳಲ್ಲಿ ಶಾಖೆಗಳಿದ್ದ ಕ್ಲಬ್ಬೊಂದರ ಚಿಕ್ಕೋಡಿಯವರು ಅವಳನ್ನು ಆರಿಸಿದ್ದರು. ಸದಲಗಾದ ಹೆಣ್ಣುಮಕ್ಕಳು ದೂರ ಹೋಗುವುದೆಂದರೆ ಕೊಲ್ಲಾಪುರಕ್ಕೆ, ಅದೂ ಮದುವೆಯ ಸೀರೆ ತರಲಿಕ್ಕೆ.

ಕಾಕಾ ಪಾರಿಸ ನಗೆಯಾಡಿದ. “ಎಂಟ ದಿನ ನೋಡ್ರಿ. ಆಮ್ಯಾಲ ನಮ್ಮ ಸುಗಂಧಾ ನಿಪ್ಪಾಣಿ ಸ್ಟ್ಯಾಂಡಿನ್ಯಾಗ ಪೆಟಗಿ ಮ್ಯಾಲ ಕುಂತ ಅಳಾಕತ್ತಿರತಾಳ. ನಾನ ಹೋಗಿ ಕರಕೊಂಡ ಬರತೀನಿ.”

ಅಜ್ಜಿ ಜಿನಮತಿ ಮಾತ್ರ ನಗಲಿಲ್ಲ. ಹೊಸ ಬಿಳಿ ಅರಿವೆಯೊಂದನ್ನು ಮಡಚಿ ಮೊಮ್ಮಗಳ ಕೈಗಿಟ್ಟಳು. “ನೀರ ಸೋಸಿ ಕುಡಿ. ಅರಿವ್ಯಾಗ ಉಳದ ಜೀವಾ ಎಲ್ಲಿಂದ ಬಂದಾವೋ ಅಲ್ಲೇ ತಿರುಗಿ ಬಿಡು. ಹೊತ್ತ ಮುಳಗೂಕಿಂತ ಮೊದಲ ಉಣ್ಣು. ಆಗೂದಿಲ್ಲಂದ್ರ ಈಗ ಹೇಳು ಬೇ, ಟಿಕೀಟ ಹರದ ಒಗೀತೀನಿ.”

“ಆಗತೈತಿ ಆಯಿ,” ಎಂದಳು ಸುಗಂಧಾ. ಜೈನರ ಮನೆಯಲ್ಲಿ ಹುಟ್ಟಿದವಳಿಗೆ ಇದೇನು ಹೊಸದಲ್ಲ. ಕಣ್ಣಿಗೆ ಕಾಣದ ಜೀವಗಳು ಅರಿವೆಯಲ್ಲಿ ಸಿಕ್ಕಿರುತ್ತವೆ. ಅರಿವೆ ಮಗುಚಿ, ಮೇಲೆ ಸೋಸಿದ ನೀರು ಹೊಯ್ದು, ಅವನ್ನು ಬಂದ ಬಾವಿಗೇ ಮುಟ್ಟಿಸುವುದು ನಡೆಯಲು ಕಲಿತ ದಿನದಿಂದ ಅವಳು ನೋಡಿದ ಕೆಲಸ.

ಊರ ಹೊಳೆ ದೂಧಗಂಗೆಯ ಮಹಾಪೂರವೇ ಅವಳು ಅದುವರೆಗೆ ಕಂಡ ದೊಡ್ಡ ನೀರು. ನಾರ್ವೆಯ ಈ ಮನೆಯಲ್ಲಿ ಕಿಟಕಿ ತೆರೆದರೆ ಸಮುದ್ರ, ಬಾಗಿಲು ತೆರೆದರೆ ಸಮುದ್ರ. ಮನೆಯ ಯಜಮಾನ ಓಲಾವ್ ಸ್ವಂತ ದೋಣಿಯಲ್ಲಿ ಮೀನು ಹಿಡಿಯುವವನು. ಅವನ ಹೆಂಡತಿಯನ್ನು ಬರಿಯ ಇಂಗ್ರಿಡ್ ಎನ್ನಲು ನಾಲಿಗೆ ಏಳದೆ, ಸುಗಂಧಾ ಮನಸ್ಸಿನಲ್ಲೇ ಇಂಗ್ರಿಡ್‌ಬಾಯಿ ಮಾಡಿಕೊಂಡಳು. ಮೊದಲ ದಿನ ಮೇಜಿನ ಮೇಲೆ ಬಂದದ್ದು ಮೀನು ಮತ್ತು ಬೇಯಿಸಿದ ಬಟಾಟೆ. ಮೀನಿನ ಮಾತೇ ಇಲ್ಲ. ಬಟಾಟೆ ನೆಲದೊಳಗೆ ಬೆಳೆದದ್ದು, ಅದೂ ಸಲ್ಲದು. ಉಳಿದದ್ದು ಬ್ರೆಡ್ಡು, ಹಾಲು ಮತ್ತು ಇಂಗ್ರಿಡ್‌ಬಾಯಿಯ ಚಿಂತೆ.

ಹೊತ್ತು ಮುಳುಗುವ ವಿಷಯದಲ್ಲಿ ಮಾತ್ರ ತಕರಾರಿರಲಿಲ್ಲ. ಆಗಸ್ಟ್ ತಿಂಗಳ ಅಲ್ಲಿಯ ಸೂರ್ಯ ಒಂಬತ್ತು ಹೊಡೆಯುತ್ತ ಬಂದರೂ ಮನೆಗೆ ಹೋಗುವ ಹೆಸರೆತ್ತುತ್ತಿರಲಿಲ್ಲ. ಅಜ್ಜಿಗಿಂತ ಇವನೇ ವಾಸಿ ಎಂದುಕೊಂಡು ಅವಳು ಎಂಟೂವರೆಗೆ ಮತ್ತೊಮ್ಮೆ ಬ್ರೆಡ್ಡು ತಿಂದಳು.

ಮರುದಿನ ಬೆಳಿಗ್ಗೆ ಎದ್ದವಳೇ ಅಡಿಗೆಮನೆಯ ನಲ್ಲಿಗೆ ಅರಿವೆ ಕಟ್ಟಿದಳು. ಇನ್ನೊಬ್ಬರ ಮನೆಯಲ್ಲಿ ಹೇಳಿ ಕೇಳಿ ಮಾಡಬೇಕೆಂಬುದು ಅವಳಿಗೆ ಹೊಳೆಯಲಿಲ್ಲ. ಸದಲಗಾದ ಅವಳ ಓಣಿಯಲ್ಲಿ ಅರಿವೆ ಇಲ್ಲದ ನಲ್ಲಿ ಕಂಡರೇ ಜನ ಗಾಬರಿಯಾಗುತ್ತಾರೆ, ಪಾಪ. ಆಮೇಲೆ ಅರಿವೆ ಬಿಚ್ಚಿ, ಜೀವಗಳನ್ನು ಮಗ್ಗಿಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಬೀದಿಗುಂಟ ನಡೆದು, ಸಮುದ್ರಕ್ಕೆ ಮೆಲ್ಲಗೆ ಬಿಟ್ಟು ಬಂದು, ಅರಿವೆಯನ್ನು ಮತ್ತೆ ನಲ್ಲಿಗೆ ಕಟ್ಟಿದಳು. ದಿನವೂ ಇದೇ ನಡೆಯಿತು. ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ಮಗ್ಗು ನೀರು ಸೇರಿಸಲು ಹೋಗುವ ಹುಡುಗಿಯನ್ನು ನೋಡಲು ಕಿಟಕಿಗಳ ಪರದೆಗಳು ಒಂದೊಂದಾಗಿ ಸರಿದವು.

ಇಂಗ್ರಿಡ್‌ಬಾಯಿ ಏನೂ ಅನ್ನಲಿಲ್ಲ. ಅನ್ನದಿರುವುದೇ ಅವರ ಸಿಟ್ಟು ಎಂದು ಸುಗಂಧಾಳಿಗೆ ತಿಳಿದದ್ದು ಶನಿವಾರ. ಅಂದು ಅರಿವೆ ನಲ್ಲಿಯಲ್ಲಿರಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಅವಳ ದಿಂಬಿನ ಮೇಲೆ ಇಟ್ಟಿತ್ತು.

“ನಮ್ಮ ನೀರು ಕೊಳೆಯೇ?” ಎಂದು ಇಂಗ್ರಿಡ್‌ಬಾಯಿ ಬಾಗಿಲಲ್ಲಿ ನಿಂತು ತಮ್ಮ ತಡವರಿಕೆಯ ಇಂಗ್ಲಿಷಿನಲ್ಲಿ ಕೇಳಿದರು. “ಮೀನು ಬೇಡ ಅಂದೆ, ಬಟಾಟೆ ಬೇಡ ಅಂದೆ, ಇರಲಿ. ಆದರೆ ಈ ನೀರು ಕುಡಿದೇ ನನ್ನ ಮಕ್ಕಳು ಬೆಳೆದರು. ಈ ಮನೆ ನಿನಗೆ ಹಿಡಿಸಿಲ್ಲ. ಇಲ್ಲಿಯ ಕ್ಲಬ್ಬಿನವರಿಗೆ ಫೋನ್ ಮಾಡಿದ್ದೇನೆ. ಸೋಮವಾರ ಬಂದು ಕರೆದೊಯ್ಯುತ್ತಾರೆ.” ಅವರ ಕಣ್ಣುಗಳು ಕೆಂಪಾಗಿದ್ದವು.

ಸುಗಂಧಾಳ ಕಣ್ಣಿಗೆ ನಿಪ್ಪಾಣಿ ಸ್ಟ್ಯಾಂಡು ಕಟ್ಟಿತು. ಕಾಕಾನ ನಗು ಕೇಳಿಸಿತು. ಅದಕ್ಕಿಂತ ಹೆಚ್ಚಾಗಿ, ತಾನು ಅನ್ನ ಹಾಕಿದವರ ಮನಸ್ಸು ನೋಯಿಸಿದೆನಲ್ಲ ಎಂದು ಸಂಕಟವಾಯಿತು.

“ಕೊಳೆ ಅಂತಲ್ಲ ಮಾವಶಿ,” ಎಂದು ಊರಲ್ಲಿ ಚಿಕ್ಕಮ್ಮನನ್ನು ಕರೆಯುವಂತೆಯೇ ಕರೆದು, ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದಳು. “ನೀರು ನನಗೇನೂ ಮಾಡುವುದಿಲ್ಲ. ನಾನೇ ಅದರಲ್ಲಿರುವವರನ್ನು ಕುಡಿದುಬಿಡುತ್ತೇನೆ. ಸಣ್ಣ ಸಣ್ಣ ಜೀವಗಳು. ಅವಕ್ಕೆ ನನ್ನಿಂದ ತೊಂದರೆ ಆಗಬಾರದು ಅಂತ ಅರಿವೆ.”

ಇಂಗ್ರಿಡ್‌ಬಾಯಿ ಮಂಚದ ತುದಿಗೆ ಕುಳಿತರು. “ಮತ್ತೆ ಆ ಮಗ್ಗು?”

“ಅವನ್ನು ಬಂದಲ್ಲಿಗೇ ಬಿಡಬೇಕಲ್ಲ. ಅದಕ್ಕೇ ಸಮುದ್ರಕ್ಕೆ.”

ಇಂಗ್ರಿಡ್‌ಬಾಯಿ ಬಾಯಿಗೆ ಕೈ ಇಟ್ಟುಕೊಂಡರು. “ಮಗೂ, ನಲ್ಲಿಯ ನೀರು ಸಮುದ್ರದ್ದಲ್ಲ. ಗುಡ್ಡದ ಮೇಲೆ ಸಿಹಿನೀರಿನ ಕೆರೆ ಇದೆ. ಅಲ್ಲಿಂದ ಬರುತ್ತದೆ. ಸಮುದ್ರದಲ್ಲಿ ಉಪ್ಪು…”

ಮಾತು ಮುಗಿಯುವ ಮೊದಲೇ ಸುಗಂಧಾಳ ಮುಖ ಬಿಳಿಚಿತು. ಜೀವ ಉಳಿಸುತ್ತೇನೆಂದು ಬಂದವಳು ದಿನಾ ಬೆಳಿಗ್ಗೆ, ಸ್ನಾನ ಮಾಡಿ, ಭಕ್ತಿಯಿಂದ, ಅವನ್ನೆಲ್ಲ ಉಪ್ಪಿನಕಾಯಿ ಹಾಕಿದ್ದಳು! “ಅಯ್ಯ, ನಾ ಏನ ಮಾಡಿದ್ನೇ ಆಯಿ,” ಎಂದು ಸದಲಗಾದ ಕನ್ನಡದಲ್ಲೇ ಗೋಳೋ ಎಂದಳು.

ಇಂಗ್ರಿಡ್‌ಬಾಯಿಗೆ ಭಾಷೆ ತಿಳಿಯಲಿಲ್ಲ, ಅಳು ತಿಳಿಯಿತು. ಎದ್ದು ಹೋಗಿ ಮಗಳ ಹಳೆಯ ಬೂಟು ತಂದು ಅವಳ ಮುಂದಿಟ್ಟರು. ಅರಿವೆಯನ್ನು ತಾವೇ ನಲ್ಲಿಗೆ ಕಟ್ಟಿದರು. ಗಂಟು ಎಂಥದೆಂದರೆ ಓಲಾವ್‌ನ ದೋಣಿಯನ್ನೂ ತಡೆದು ನಿಲ್ಲಿಸಬಹುದಿತ್ತು. ನೀರು ಸೋಸಿ, ಜೀವಗಳನ್ನು ಮಗ್ಗಿಗೆ ಇಳಿಸಿ, ಇಬ್ಬರೂ ಗುಡ್ಡ ಹತ್ತಿದರು. ಕೆರೆಯ ದಂಡೆಯಲ್ಲಿ ಸುಗಂಧಾ ಕುಕ್ಕರಗಾಲಲ್ಲಿ ಕುಳಿತು ಮಗ್ಗನ್ನು ಬಾಗಿಸುವಾಗ ಇಂಗ್ರಿಡ್‌ಬಾಯಿ ತಲೆಯ ಟೊಪ್ಪಿಗೆ ತೆಗೆದು ನಿಂತರು. ಇಳಿಯುವಾಗ ಫೋನಿನ ಮಾತನ್ನು ಇವಳು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಸುಗಂಧಾ ಭಾನುವಾರವೆಲ್ಲ ಪೆಟ್ಟಿಗೆ ಕಟ್ಟುತ್ತ, ಬಿಚ್ಚುತ್ತ ಕಳೆದಳು.

ಸೋಮವಾರ ಕ್ಲಬ್ಬಿನವರು ಬಂದರು. ಟೈ ಕಟ್ಟಿದ, ಹೊಳೆಯುವ ಬೂಟಿನ ದೊಡ್ಡ ಮನುಷ್ಯರೊಬ್ಬರು. ಒಳಗೆ ಬಂದವರೇ ನಲ್ಲಿಯನ್ನು ನೋಡಿ ಹುಬ್ಬೇರಿಸಿದರು. ಸುಗಂಧಾ ಪೆಟ್ಟಿಗೆಯ ಹಿಡಿಕೆ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು.

“ನೀರಿನದೇನೋ ತೊಂದರೆ ಅಂದಿರಿ?” ಎಂದು ಅವಳಿಗೂ ತಿಳಿಯಲಿ ಎಂದು ಅವರು ಇಂಗ್ಲಿಷಿನಲ್ಲೇ ಕೇಳಿದರು.

“ಹೌದು,” ಎಂದರು ಇಂಗ್ರಿಡ್‌ಬಾಯಿ. “ಗುಡ್ಡ ಬಹಳ ಕಡಿದು. ನನಗೆ ನಿನ್ನೆಯಿಂದ ಮೊಣಕಾಲು ನೋವು. ಒಳ್ಳೆಯದಾಯಿತು, ನೀವು ಬಂದಿರಿ.” ಅಂದಿನ ಜೀವಗಳಿದ್ದ ಮಗ್ಗನ್ನು ಅವರ ಎರಡೂ ಕೈಗೆ ಕೊಟ್ಟು, ಸುಗಂಧಾಳ ಕಡೆ ತಿರುಗಿದರು. “ಪೆಟ್ಟಿಗೆ ಮೇಲಿಟ್ಟು ಬಾ. ಇವರಿಗೆ ಕೆರೆ ತೋರಿಸು. ಬೂಟು ಹಾಕಿಕೊ.”

ಸುಗಂಧಾಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ದೊಡ್ಡ ಮನುಷ್ಯರು ಮಗ್ಗು ಹಿಡಿದು ಮುಂದೆ, ಅವಳು ಹಿಂದೆ. ಬೀದಿಯ ಪರದೆಗಳೆಲ್ಲ ಮತ್ತೆ ಸರಿದವು. ಗುಡ್ಡದ ತಿರುವಿನಲ್ಲಿ ಅವರ ಕಾಲು ಜಾರಿದ್ದೇ ತಡ, ಅವಳಿಗೆ ತಾನೆಲ್ಲಿದ್ದೇನೆ ಎಂಬುದೂ ಮರೆತುಹೋಯಿತು.

“ಸಾವಕಾಶ ಹೋಗ್ರಿ! ಕೈಯಾಗ ಮಂದಿ ಅದಾರ!”