ಎರಡು ಅಡಿ ಸರಿದ ಕಂಬ

ಅಂತರಸಂತೆಯ ಮಹದೇವಪ್ಪನವರು ಕಣ್ಣಳತೆಯನ್ನು ನಂಬುವವರಲ್ಲ. ಮದುವೆಮನೆಗೆ ಹೋದರೂ ಚಪ್ಪರದ ಕಂಬಗಳ ಅಂತರವನ್ನು ಅಳೆದ ಮೇಲೆಯೇ ಊಟಕ್ಕೆ ಕೂರುವ ಆಸಾಮಿ. ಉಕ್ಕಿನ ಟೇಪಿನ ಭಾರಕ್ಕೆ ಖಾಕಿ ಕೋಟಿನ ಬಲಜೇಬು ಜೋತುಬಿದ್ದು, ಆ ಕಡೆಗೇ ತುಸು ವಾಲಿ ನಡೆಯುವುದು ಅಭ್ಯಾಸವಾಗಿ, ಕೋಟು ಕಳಚಿಟ್ಟ ದಿನವೂ ಅವರು ನೆಟ್ಟಗೆ ನಡೆದದ್ದನ್ನು ಊರು ಕಂಡಿಲ್ಲ.

ಊರಾಚೆಯ ಬಯಲಿನ ಉಲ್ಕಾ ರಾಡಾರ್ ಕೇಂದ್ರಕ್ಕೆ ಹದಿನೆಂಟು ವರ್ಷ ಅವರೇ ದಿನಗೂಲಿಯ ಕಾವಲುಗಾರರು. ಹಗಲಿರುಳೆನ್ನದೆ ಆಕಾಶದಲ್ಲಿ ಉರಿದುಹೋಗುವ ಉಲ್ಕೆಗಳ ಗೆರೆಗೆ ರೇಡಿಯೊ ಅಲೆ ತಾಗಿ ಹಿಂದಿರುಗುತ್ತದೆ. ಆ ಗೆರೆ ಎತ್ತ ತೇಲಿತೆಂಬುದರಿಂದ ತೊಂಬತ್ತು ಕಿಲೋಮೀಟರ್ ಮೇಲಿನ ಗಾಳಿಯ ವೇಗ, ದಿಕ್ಕು ತಿಳಿಯುತ್ತವೆ. ಮರುದನಿಯನ್ನು ಹಿಡಿಯುವುದು ಬಯಲಿನಲ್ಲಿ ನೆಟ್ಟ ಐದು ಕಂಬಗಳು. ಅವುಗಳ ಅಂತರ ತಪ್ಪಿದರೆ ಉಲ್ಕೆಯ ಜಾಗವೂ ತಪ್ಪು, ಎತ್ತರವೂ ತಪ್ಪು ಎಂದು, ದೂರದ ನಗರದಲ್ಲಿ ಕೂತು ಈ ಅಂಕಿಗಳನ್ನು ನೋಡುವ ವಿಜ್ಞಾನಿ ಬೃಂದಾ ಒಮ್ಮೆ ಬಂದಾಗ ಹೇಳಿದ್ದರು. ಆ ಮಾತನ್ನು ವ್ರತದಂತೆ ಹಿಡಿದ ಮಹದೇವಪ್ಪ ಪ್ರತಿ ಸೋಮವಾರ ಮಿಂದು, ಕಂಬಗಳನ್ನು ಅಳೆದು, ಪುಸ್ತಕದಲ್ಲಿ ಬರೆಯುತ್ತಿದ್ದರು.

ಹೋದ ವರ್ಷ ಯಾರೋ ದೊಡ್ಡವರು ಬರುತ್ತಾರೆಂದು, ಅವರ ಕಾರು ತಿರುಗಲು ಜಾಗ ಸಾಲದೆಂದು, ಮೇಲಧಿಕಾರಿ ಒಂದು ಕಂಬವನ್ನು ಕೀಳಿಸಿ ಎರಡು ಅಡಿ ಆಚೆ ನೆಡಿಸಿದರು.

"ಬ್ಯಾಡಿ ಸಾ, ಅಳತೆ ಕೆಡ್ತದೆ," ಎಂದು ಮಹದೇವಪ್ಪ ಗೋಗರೆದರೆ, ತೊಂಬತ್ತು ಕಿಲೋಮೀಟರಿಗೆ ಎರಡು ಅಡಿ ಯಾವ ಲೆಕ್ಕವೆಂದು ನಕ್ಕರಂತೆ! ಓದಿದವರ ಉಡಾಫೆಗೆ ಎಣೆಯುಂಟೆ? ಬರಬೇಕಾದ ದೊಡ್ಡವರು ಬರಲೂ ಇಲ್ಲ. ಕಂಬ ಹೊಸ ಜಾಗದಲ್ಲೇ ಉಳಿಯಿತು. ಮಹದೇವಪ್ಪ ವಾರವಾರವೂ ಆ ಎರಡು ಅಡಿಯನ್ನು ಕೆಂಪು ಶಾಯಿಯಲ್ಲಿ ಬರೆದರು, ತಿಂಗಳಿಗೊಮ್ಮೆ ಆ ಪುಟಗಳ ನಕಲು ಅಧಿಕಾರಿಯ ಕಚೇರಿಗೆ ಹೋಯಿತು, ಬಿಚ್ಚಿ ನೋಡಿದವರಿಲ್ಲ.

ಏಳು ತಿಂಗಳಾದ ಮೇಲೆ, ಗಾಳಿಯ ಅಂಕಿಗಳು ತಾಳೆಯಾಗುತ್ತಿಲ್ಲವೆಂದು ಬೃಂದಾ ಕೇಳಿದಾಗ, ಅಧಿಕಾರಿ ಒಂದು ಕಾಗದ ಹಿಡಿದು ಮಹದೇವಪ್ಪನವರ ಬಳಿ ಬಂದರು. ಕಾವಲುಗಾರನ ಅಜಾಗ್ರತೆಯಿಂದ ದನ ನುಗ್ಗಿ ಕಂಬ ಸರಿದಿದೆ, ಯಾವಾಗ ಸರಿಯಿತೋ ತಿಳಿಯದು ಎಂದು ಅದರಲ್ಲಿತ್ತು.

"ಸೈನ್ ಹಾಕಯ್ಯ, ನಿನ್ನ ಕೆಲಸ ಉಳಿಯುತ್ತೆ."

ಮಹದೇವಪ್ಪ ಕಾಗದವನ್ನು ಹಿಂದಕ್ಕೆ ತಳ್ಳಿದರು.

"ದನ ಕಾರು ತಿರುಗ್ಸಾಕಿಲ್ಲ ಸಾ. ಮೂಕ್ ಪ್ರಾಣಿ ಮ್ಯಾಲೆ ನಾನ್ಯಾಕ್ ಸುಳ್ಳೇಳ್ಲಿ? ಕಿತ್ತ ದಿನ, ಸರಿದ ಅಳತೆ, ಎಲ್ಲಾ ಬರ್ದಿವ್ನಿ. ಅಮ್ಮಾವ್ರಿಗೆ ಆ ಬುಕ್ಕನ್ನೇ ಕೊಡ್ತೀನಿ."

ಕೊಟ್ಟೂಬಿಟ್ಟರು. ಕಂಬ ಯಾವ ದಿನ, ಎಷ್ಟು ಸರಿಯಿತೆಂದು ತಿಳಿದದ್ದರಿಂದ ಬೃಂದಾ ಏಳು ತಿಂಗಳ ಅಂಕಿಗಳನ್ನು ತಿದ್ದಿ ಉಳಿಸಿಕೊಂಡರು. ಆ ಕಾಗದಕ್ಕೆ ಸಹಿ ಬಿದ್ದಿದ್ದರೆ ಅಷ್ಟೂ ನೀರಿನಲ್ಲಿ ಹೋಮವಾಗುತ್ತಿತ್ತು. ಮುಂದಿನ ಸೋಮವಾರ ಮಹದೇವಪ್ಪ ಹೋದಾಗ ಗೇಟಿಗೆ ಹೊಸ ಬೀಗ. ದಿನಗೂಲಿಯವನಿಗೆ ಕಾರಣ ಹೇಳಬೇಕಾಗಿಲ್ಲವಂತೆ. ಅವರನ್ನು ಮತ್ತೆ ತೆಗೆದುಕೊಳ್ಳಿರೆಂದು ಬೃಂದಾ ಬರೆದ ಎರಡು ಪತ್ರಗಳಿಗೂ ಉತ್ತರವಿಲ್ಲ.

ಇಂಥವರನ್ನು ಹಠಮಾರಿಗಳೆಂದು ಕರೆದು ನಾವು ಸಲೀಸಾಗಿ ಕೈತೊಳೆದುಕೊಳ್ಳುತ್ತೇವೆ. ವಿಜ್ಞಾನವೆಂಬ ದೊಡ್ಡ ಮಾತೆಲ್ಲ ಕೊನೆಗೆ ನಿಂತಿರುವುದು, ಯಾರೂ ನೋಡದಿದ್ದಾಗಲೂ ಸರಿಯಾಗಿ ಅಳೆದು ಸರಿಯಾಗಿ ಬರೆಯುವ ಒಬ್ಬ ಮನುಷ್ಯನ ಮೇಲೆ. ನಮ್ಮ ಕಚೇರಿಗಳು ಮೊದಲು ಕಿತ್ತೆಸೆಯುವುದೂ ಅವನನ್ನೇ.