ಸಂತ ಮಲಗಿದ್ದ ಜಾಗ

ಸಂತ ಫ್ರೋದ್ರಿಯನ್ನು ನೆಲಕ್ಕಿಳಿಸಿದ ದಿನ ಅವನಿಗೆ ಹೊದಿಸುವ ಮುಳ್ಳನ್ನು ಬೇಲಿಯಿಂದ ಕಡಿದು ತಂದವಳು ಹೆರ್ಸಾಂದಳೇ. ಮಠದ ಸನ್ಯಾಸಿಗಳು ಕತ್ತಿ ಹಿಡಿಯುವಂತಿಲ್ಲ. ಬಲವಂತರು ಅನ್ಯಾಯ ಮಾಡಿದರೆ ಅವರು ತಮ್ಮ ಸಂತನ ಮೂಳೆಗಳಿದ್ದ ಪೆಟ್ಟಿಗೆಯನ್ನೇ ಪೀಠದಿಂದ ಇಳಿಸಿ, ಇಗರ್ಜಿಯ ನೆಲದ ಮೇಲಿಟ್ಟು, ಮುಳ್ಳು ಹೊದಿಸಿಬಿಡುತ್ತಿದ್ದರು. ಇದನ್ನು ನೋಡಿ ಊರಿಗೆ ಊರೇ ತಪ್ಪಿತಸ್ಥನ ಕಡೆ ಬೆರಳು ತೋರಿಸಬೇಕು, ಸಂತನಿಗೂ ಸ್ವಲ್ಪ ರೋಷ ಬರಬೇಕು. ಮುಳ್ಳು ನೆಲದ ಮೇಲಿರುವವರೆಗೆ ಗಂಟೆಯಿಲ್ಲ, ಬಲಿಪೂಜೆಯಿಲ್ಲ, ಮದುವೆಯಿಲ್ಲ.

ಈ ಸಲದ ತಪ್ಪಿತಸ್ಥ ಗುಡ್ಡದ ಮೇಲಿನ ಕೋಟೆಯ ದೊರೆ ಬುರ್ಷಾರ್. ಮಠದ ಕಾಡನ್ನು ತನ್ನದೆಂದು ನುಂಗಿದ್ದ. ಆ ಕಾಡಿನಿಂದ ಮಠಕ್ಕೆ ಸೌದೆ ಹೇರುತ್ತಿದ್ದ ಗಾಡಿಯವನು ಹೆರ್ಸಾಂದಳ ಗಂಡ ದ್ರೋಗೊ. ದೊರೆಯ ಆಳುಗಳು ಗಾಡಿಗೆ ಅಡ್ಡ ನಿಂತಾಗ ಇವನು ಸುಮ್ಮನೆ ತಿರುಗಿ ಬರಬಹುದಿತ್ತು. ಆದರೆ ಬಾರುಕೋಲು ಬೀಸಿ ಒಬ್ಬನ ಹಲ್ಲುದುರಿಸಿದ. ಅವರು ಎತ್ತುಗಳನ್ನು ಹೊಡೆದುಕೊಂಡು ಹೋದರು, ದ್ರೋಗೊನನ್ನು ಕೋಟೆಯ ಬುರುಜಿನ ಗುಂಡಿಗೆ ತಳ್ಳಿದರು.

ಅಂದಿನಿಂದ ಹೆರ್ಸಾಂದಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಿಟ್ಟು ನಾದಲು ಕುಳಿತರೆ ಅರ್ಧಕ್ಕೇ ಎದ್ದು ಬಾಗಿಲಿಗೆ ಬರುವಳು. ಬುರುಜಿನಿಂದ ಕಾಗೆ ಹಾರಿದರೆ ಎದೆ ಧಸಕ್ಕೆನ್ನುವುದು. ಗುಂಡಿಯೊಳಗೆ ಗಂಡ ಬದುಕಿದ್ದಾನೋ ಇಲ್ಲವೋ ಹೇಳುವವರಿಲ್ಲ. ಇಗರ್ಜಿಯ ಗೋಡೆಯ ಹೊರಗೆ ನಿಂತು ಸಂತನನ್ನೇ ಬೈಯುವಳು. "ಮುಳ್ಳು ಚುಚ್ತಾ ಇಲ್ವೇನೋ ನಿನ್ಗೆ? ಎಷ್ಟು ಸುಖವಾಗಿ ಮಲಗಿದೀಯೋ!"

ಕೊನೆಗೆ ಒಂದು ಮಧ್ಯಾಹ್ನ ನೆರೆಮನೆಯ ಐಮಲೀನ್ ಬೇಲಿಯಾಚೆಯಿಂದಲೇ ಕೂಗಿದಳು. "ಏಯ್ ಹೆರ್ಸಾಂದ್, ದೊರೆ ಸೋತ್ನಂತೆ ಕಣೇ! ನಾಳೆ ಬರಿಗಾಲಲ್ಲಿ ಬಂದು ಸಂತನ್ನ ಎತ್ತಿ ಕೂರಿಸ್ತಾನಂತೆ. ದೊರೆಸಾನಿ ತುಂಬು ಬಸುರಿ, ಸಂತನ ಶಾಪ ಮಗೂಗೆ ತಟ್ಟುತ್ತೆ ಅಂತ ಹೆದ್ರಿದಾಳೆ. ಗಂಟೆ ಬಾರಿಸೋವರ್ಗೂ ಮುಖ ತೋರಿಸ್ಬೇಡ ಅಂತ ಗಂಡನ್ನ ಆಚೆ ಕಳ್ಸಿದಾಳಂತೆ."

"ಮತ್ತೆ ನಮ್ಮೋನು?"

"ಕಾಡು ವಾಪಸ್ ಕೊಡ್ತಾನಂತೆ. ದ್ರೋಗೊಣ್ಣನ ವಿಷಯ... ಅದ್ ಕೇಳ್ಲಿಲ್ಲಮ್ಮ ನಾನು."

ಹೆರ್ಸಾಂದ್ ಹಿಟ್ಟಿನ ಕೈಯಲ್ಲೇ ಮಠಕ್ಕೆ ಓಡಿದಳು. ಇಗರ್ಜಿ ಮತ್ತು ಗಂಟೆಯನ್ನು ನೋಡಿಕೊಳ್ಳುವ ಮುದುಕ ಸನ್ಯಾಸಿ ತೆಸೆಲಿನ್ ಬಾಗಿಲಲ್ಲಿ ಸಿಕ್ಕ.

"ಸ್ವಾಮಿ, ರಾಜಿಯಲ್ಲಿ ನನ್ ಗಂಡ ಇದಾನಾ?"

ಅವನು ನೆಲ ನೋಡಿದ. "ಇಲ್ಲ ಮಗಳೇ. ಆಳಿನ ಹಲ್ಲು ಮುರ್ದಿದಾನಲ್ಲ, ಅದು ಬೇರೆ ವ್ಯಾಜ್ಯ ಅಂದ್ರು."

"ನಿಮ್ ಸೌದೆ ತರೋಕ್ ಹೋಗಿದ್ದ ಸ್ವಾಮಿ! ಇದು ನಿನ್ ಗಂಡನ್ ಬಿಡುಗಡೆಗೂ ಸೇರ್ಸಿ ಅಂತ ಹೇಳಿ ತಾನೇ ನನ್ ಕೈಲಿ ಮುಳ್ಳು ಕಡಿಸಿದ್ದು?"

ಮುಳ್ಳು ತರಲು ಕೈ ಬೇಕಿತ್ತು, ಬಂತು; ಕೆಲಸ ಮುಗಿದ ಮೇಲೆ ಆ ಕೈ ಯಾರದೆಂದು ನೆನಪಿಡುವ ಮಠ ಎಲ್ಲಿದೆ?

ಮರುದಿನ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊರೆ ಬಿಳಿ ಅಂಗಿಯಲ್ಲಿ, ಬರಿಗಾಲಲ್ಲಿ, ತಣ್ಣನೆಯ ಕಲ್ಲಿನ ಮೇಲೆ ಮುಖ ಹಿಂಡುತ್ತ ಬಂದ. ತೆಸೆಲಿನ್ ಮುಳ್ಳು ಗುಡಿಸಿದ. ಹೊರಗೆ ಹಾಕಬೇಕಿತ್ತು, ಆದರೆ ಅದೇಕೋ ಹೆರ್ಸಾಂದ್ ನಿಂತಿದ್ದ ಕಂಬದ ಬುಡದಲ್ಲೇ ಗುಡ್ಡೆ ಹಾಕಿ ಗಂಟೆಯ ಹಗ್ಗದ ಬಳಿ ಹೋದ. ಮಠಾಧಿಪತಿಯೂ ದೊರೆಯೂ ಪೆಟ್ಟಿಗೆಯ ಎರಡು ತುದಿ ಹಿಡಿದು ಸಂತನನ್ನು ಪೀಠದ ಮೇಲಿಟ್ಟರು. ಎಲ್ಲರೂ ಮೊಣಕಾಲೂರಿದರು.

ಹೆರ್ಸಾಂದ್ ಊರಲಿಲ್ಲ. ಮುಳ್ಳಿನ ಗುಡ್ಡೆಯನ್ನು ತಬ್ಬಿ ಎಳೆದುಕೊಂಡು ಬಂದು, ಸಂತ ಮಲಗಿದ್ದ ಜಾಗದಲ್ಲೇ ಮಲಗಿ, ಮೈಮೇಲೆ ಹೊದ್ದುಕೊಂಡಳು.

"ಏಳಮ್ಮ, ಇದೇನು ಹುಚ್ಚು?" ಎಂದರು ಮಠಾಧಿಪತಿ.

"ಹುಚ್ಚಲ್ಲ ಸ್ವಾಮಿ. ಕಾಡು ಸಿಕ್ತು, ಸಂತ ಎದ್ದ. ನನ್ ಗಂಡ ಇನ್ನೂ ಗುಂಡೀಲಿದಾನೆ. ಯಾರಾದ್ರೂ ಮಲಗ್ಬೇಕಲ್ಲ?"

"ಅದು ಬೇರೆ ವಿಚಾರ."

"ನನ್ಗೆ ಅದೊಂದೇ ವಿಚಾರ."

ಇಬ್ಬರು ಎಳೆಯ ಸನ್ಯಾಸಿಗಳು ಎತ್ತಲು ಬಂದು, ಕೈ ಚುಚ್ಚಿಸಿಕೊಂಡು ಹಿಂದೆ ಸರಿದರು. ಮಠಾಧಿಪತಿ ಹಗ್ಗದ ಕಡೆ ತಿರುಗಿ, "ಬಾರಿಸು" ಎಂದರು. ತೆಸೆಲಿನ್ ಹಗ್ಗ ಬಿಟ್ಟುಬಿಟ್ಟ.

"ಮುಳ್ಳು ನೆಲದ ಮೇಲಿದೆ ಸ್ವಾಮಿ. ಬಾರಿಸ್ಬಾರ್ದು."

"ಯಾರು ಹೇಳಿದ್ದು?"

"ತಾವೇ."

ಜನರಲ್ಲಿ ಯಾರೋ ಕಿಸಕ್ಕೆಂದರು. ಬುರ್ಷಾರನ ಮುಖ ಕೆಂಪಾಯಿತು. ಅಲ್ಲಿ ಗುಡ್ಡದ ಮೇಲೆ ಹೆಂಡತಿ ಕಿಟಕಿಗೆ ಕಿವಿಗೊಟ್ಟು ಕುಳಿತಿದ್ದಾಳೆ. ಇಲ್ಲಿ ಗಾಡಿಯವನ ಹೆಂಡತಿ ನೆಲ ಬಿಡುತ್ತಿಲ್ಲ. ಗಂಡಸರನ್ನು ಗೆದ್ದು ಗೊತ್ತಿದ್ದ ಅವನಿಗೆ ಇವರಿಬ್ಬರ ನಡುವೆ ದಾರಿ ಕಾಣಲಿಲ್ಲ.

"ಕರ್ಕೊಂಬನ್ರೋ ಆ ದರಿದ್ರದವನ್ನ!" ಎಂದು ತನ್ನವರ ಮೇಲೆ ಹಾರಿಬಿದ್ದ.

ಕಾಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಇಷ್ಟು ದಿನ ಕಾಲುಗಳಲ್ಲಿದ್ದ ಚಡಪಡಿಕೆಯೆಲ್ಲ ಈಗ ಕಣ್ಣಿಗೆ ಬಂದಿತ್ತು. ಮುಳ್ಳಿನ ಸಂದಿಯಿಂದ ಅವಳಿಗೆ ಕಾಣುತ್ತಿದ್ದದ್ದು ಬರೀ ಪಾದಗಳು. ಬದುಕಿಲ್ಲ ಎಂದುಬಿಟ್ಟರೆ? ಹೆಣ ತಂದು ಪಕ್ಕದಲ್ಲಿ ಮಲಗಿಸಿದರೆ? ಸಂತನನ್ನು ಬೈದದ್ದೆಲ್ಲ ನೆನಪಾಗಿ ಅವಳಿಗೆ ಭಯವಾಯಿತು. ನಿನ್ನಷ್ಟು ಹೊತ್ತು ಮಲಗಲು ನನ್ನಿಂದ ಆಗದಪ್ಪ, ಬೇಗ ಏನಾದರೂ ಮಾಡು ಎಂದು ಬೇಡಿಕೊಂಡಳು.

ಪಾದಗಳು ಸರಿದು ದಾರಿ ಬಿಟ್ಟವು. ಕೊಳಕು ಮೆತ್ತಿಕೊಂಡ, ತಡವರಿಸುವ ಎರಡು ಪಾದಗಳು ಬಂದವು. ಎಡಗಾಲಿನ ಹೆಬ್ಬೆರಳು ಎಂದೋ ಗಾಡಿಯ ಚಕ್ರದಡಿ ಸಿಕ್ಕಿ ಚಪ್ಪಟೆಯಾಗಿತ್ತು. ಆ ಬೆರಳನ್ನು ಕಂಡು ಹೆರ್ಸಾಂದ್ ಗೊಳೋ ಎಂದು ಅತ್ತಳು.

ದ್ರೋಗೊ ಬೆಳಕಿಗೆ ಕಣ್ಣು ಕಿರಿದು ಮಾಡಿ ಬಗ್ಗಿದ. "ಇಲ್ಯಾಕೇ ಬಿದ್ಕೊಂಡಿದೀಯಾ? ಏಳೇ, ಮೈಯೆಲ್ಲಾ ರಕ್ತ!" ಎಂದು ಅವಳ ಕೂದಲಿನಿಂದ ಒಂದೊಂದೇ ಮುಳ್ಳು ಬಿಡಿಸತೊಡಗಿದ. ಅವಳು ಅವನ ತೋಳು ಹಿಡಿದು ಎದ್ದು ಕುಳಿತಳು. ತೆಸೆಲಿನ್ ಹಗ್ಗಕ್ಕೆ ಕೈ ಹಾಕಿದ. ದೊರೆ ನಿಟ್ಟುಸಿರು ಬಿಟ್ಟ.

"ಎತ್ತುಗಳೆಲ್ಲೇ?" ಎಂದ ದ್ರೋಗೊ.

ಅವಳು ಅಳು ನಿಲ್ಲಿಸಿದಳು. ಗಂಡನ ಚಿಂತೆಯಲ್ಲಿ ಎತ್ತುಗಳನ್ನೇ ಮರೆತಿದ್ದಳು. ದೊರೆಯ ಮುಖವನ್ನು ಒಮ್ಮೆ ದಿಟ್ಟಿಸಿ, ಮೆಲ್ಲಗೆ ಮತ್ತೆ ಮಲಗಿ, ಮುಳ್ಳನ್ನು ಕತ್ತಿನವರೆಗೂ ಎಳೆದುಕೊಂಡಳು.

ದ್ರೋಗೊನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಅವಳ ಪಕ್ಕದಲ್ಲೇ ಕಾಲು ಚಾಚಿ ಕುಳಿತ. ತೆಸೆಲಿನ್ ಹಗ್ಗವನ್ನು ಮತ್ತೆ ಕೈಬಿಟ್ಟ.